ಅರಿಶಿನ ಹಳದಿಯಾಗಿಯೇ ಉಳಿಯುವವರೆಗೆ

ಅರಿಶಿನ ಬಳಿದು ಒಣಗಿಸಿದ ಕಾಗದದ ಪಟ್ಟಿಗೆ ಸುಣ್ಣದ ನೀರಿನ ಒಂದು ಹನಿ ತಾಗಿದರೆ ಸಾಕು, ಹಳದಿಯ ನಡುವೆ ಕೆಂಪು ಕಲೆಯೊಂದು ಎದ್ದು ಬರುತ್ತದೆ. ಅಂಚಿನಲ್ಲಿ ಕಿತ್ತಳೆ, ನಡುವೆ ಹೆಪ್ಪುಗಟ್ಟಿದ ರಕ್ತದ ಬಣ್ಣ. ಸಾಲೆಯಲ್ಲಿ ನಾನು ಕೊನೆಯದಾಗಿ ಕಲಿತದ್ದು ಇದನ್ನು. ಅದರ ಮುಂದಿನ ಪಾಠ ಏನಿತ್ತೆಂದು ಇವತ್ತಿಗೂ ನನಗೆ ಯಾರೂ ಹೇಳಿಲ್ಲ. ಕಲಿಸಲು ಅಕ್ಕೋರು ಸಿದ್ಧರಿದ್ದರು, ಕಲಿಯಲು ನಾನೂ ಸಿದ್ಧನಿದ್ದೆ. ನಡುವೆ ಬಂದು ನನ್ನನ್ನು ಎಬ್ಬಿಸಿಕೊಂಡು ಹೋದವನು ನನ್ನ ದೊಡ್ಡಪ್ಪ.

ನಮ್ಮದು ಸುಣ್ಣ ಸುಡುವವರ ಓಣಿ. ಹೊಗೆ ಊರೊಳಗೆ ನುಗ್ಗಬಾರದೆಂದು ಗಾಳಿ ಹೊರಟುಹೋಗುವ ಕಡೆಯ ಅಂಚಿನಲ್ಲಿ ನಮ್ಮನ್ನು ಕೂರಿಸಿದ್ದರು. ಊರಿನ ಗೋಡೆಗಳೆಲ್ಲ ನಮ್ಮ ಸುಣ್ಣದಿಂದ ಬೆಳ್ಳಗಾಗುತ್ತಿದ್ದವು, ಊರಿನ ಬಾಯಿಗಳೆಲ್ಲ ನಮ್ಮ ಸುಣ್ಣ ಹಚ್ಚಿದ ಎಲೆಯಿಂದ ಕೆಂಪಾಗುತ್ತಿದ್ದವು. ನಮ್ಮ ಓಣಿಯ ಕಣ್ಣುಗಳೂ ಅದೇ ಸುಣ್ಣದಿಂದ ಬೆಳ್ಳಗಾದವು. ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮನೆಗೊಬ್ಬರಾದರೂ ಇದ್ದರು, ಪಾಪೆಯ ಮೇಲೆ ಹಾಲಿನ ಕೆನೆ ಕಟ್ಟಿದಂತಹ ಕಣ್ಣಿನವರು. ಚಿಕ್ಕವನಾಗಿದ್ದಾಗ ನಾನು ವಯಸ್ಸಾದವರ ಕಣ್ಣು ಹಾಗಿರುವುದೇ ಸಹಜ, ತಲೆಗೂದಲು ನರೆಯುವಂತೆ ಕಣ್ಣೂ ನರೆಯುತ್ತದೆ ಅಂದುಕೊಂಡಿದ್ದೆ.

ಭಟ್ಟಿಯಿಂದ ತೆಗೆದ ಸುಟ್ಟ ಕಲ್ಲು ನೋಡಲು ಸತ್ತಂತಿರುತ್ತದೆ. ಮೇಲೆ ನೀರು ಬಿದ್ದ ಕೂಡಲೇ ಬಿರಿಯುತ್ತದೆ, ಸಿಡಿಯುತ್ತದೆ, ಅದನ್ನು ಹಾಕಿದ ಗುಂಡಿಯ ನೀರನ್ನೇ ಕುದಿಸಿಬಿಡುತ್ತದೆ. ಇದಕ್ಕೆ ಸುಣ್ಣ ಅರಳಿಸುವುದು ಎನ್ನುತ್ತೇವೆ. ಬೆವರಿದ ಕೈಗೆ ಅದರ ಪುಡಿ ಅಂಟಿದರೂ ಚರ್ಮ ಸುಲಿಯುತ್ತದೆ. ಅದಕ್ಕೇ ಕೆಲಸಕ್ಕೆ ಇಳಿಯುವ ಮುಂಚೆ ಮೊಣಕೈತನಕ ಔಡಲೆಣ್ಣೆ ಬಳಿದುಕೊಳ್ಳುವುದು. ಹುಟ್ಟಿದಾಗಿನಿಂದ ಇದನ್ನು ಕಂಡವರ ಮನಸ್ಸಿನಲ್ಲಿ ಒಂದೇ ಮಾತು ಗಟ್ಟಿಯಾಗಿ ಕೂತಿತ್ತು, ಸುಣ್ಣಕ್ಕೆ ನೀರೇ ಬೆಂಕಿ ಎಂದು. ಆದ್ದರಿಂದ ಯಾರ ಕಣ್ಣಿಗಾದರೂ ಸುಣ್ಣ ಸಿಡಿದರೆ ನೀರನ್ನು ಹತ್ತಿರ ತರುವಂತಿರಲಿಲ್ಲ. ಕಣ್ಣು ತುಂಬ ಔಡಲೆಣ್ಣೆ ಹೊಯ್ದು, ಬಟ್ಟೆ ಕಟ್ಟಿ, ಕತ್ತಲೆಯ ಮೂಲೆಯಲ್ಲಿ ಮಲಗಿಸುತ್ತಿದ್ದರು. ಅಳಲೂ ಬಿಡುತ್ತಿರಲಿಲ್ಲ. ಕಣ್ಣೀರೂ ನೀರೇ ತಾನೆ. ಸಣ್ಣ ಮಕ್ಕಳ ಕಣ್ಣಿಗೆ ಸುಣ್ಣ ಬಿದ್ದಾಗ ತಾಯಂದಿರು ಅವುಗಳ ಬಾಯಿ ಒತ್ತಿ ಹಿಡಿದು, "ಅಳಬ್ಯಾಡ ನನ್ನ ಕೂಸ, ಅತ್ತರ ಸುಣ್ಣ ಏಳತೈತಿ" ಎಂದು ಗೋಗರೆಯುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಈ ಕಟ್ಟಳೆಯನ್ನು ಕಾಯುತ್ತಿದ್ದವನು ದೊಡ್ಡಪ್ಪ ಹೊನ್ನಪ್ಪ. ಅಪ್ಪನ ಅಣ್ಣ, ಭಟ್ಟಿಯ ಹಿರಿಯ. ಎಣ್ಣೆಯ ಹಿತ್ತಾಳೆ ಗಿಂಡಿ ಅವನ ಮನೆಯ ಗೂಡಿನಲ್ಲಿರುತ್ತಿತ್ತು. ಅವನ ಎಡಗಣ್ಣೂ ಬೆಳ್ಳಗಿತ್ತು. ಅದನ್ನೂ ಅದೇ ಗಿಂಡಿಯ ಎಣ್ಣೆಯಿಂದ ಅವನ ಅಪ್ಪ ಆರೈಕೆ ಮಾಡಿದ್ದನಂತೆ.

ಇಂದುಮತಿ ಅಕ್ಕೋರು ನಮಗೆ ವಿಜ್ಞಾನ ಕಲಿಸುತ್ತಿದ್ದರು. ಕಡ್ಡಿಯಂತಹ ಹೆಂಗಸು, ದನಿ ಮಾತ್ರ ಸಾಲೆಯ ಗೇಟಿನವರೆಗೆ ಕೇಳುತ್ತಿತ್ತು. ಒಂದು ದಿನ ಅವರು ನನ್ನ ಕಡೆ ತಿರುಗಿ, "ಸುಣ್ಣದ ಓಣಿಯಂವಲ್ಲೇನು ನೀನು? ನಾಳೆ ಬರೂಮುಂದ ಒಂದು ಚೂರು ಸುಣ್ಣ ತಗೊಂಡು ಬಾ" ಎಂದರು. ಅಲ್ಲಿಯವರೆಗೆ ಸಾಲೆಯಲ್ಲಿ ನಮ್ಮ ಓಣಿಯ ಹೆಸರು ಬರುತ್ತಿದ್ದುದು ಮೈ ತೊಳೆದುಕೊಂಡು ಬರಲಿಲ್ಲವೆಂದು ಬೈಯುವಾಗ ಮಾತ್ರ. ಆ ಚೂರನ್ನು ನಾನು ಎಲೆಯಲ್ಲಿ ಸುತ್ತಿ, ಬೆಲ್ಲದಂತೆ ಜೋಪಾನ ಮಾಡಿ ಒಯ್ದೆ.

ಅಕ್ಕೋರು ಮನೆಯಲ್ಲೇ ಕಾಗದದ ಪಟ್ಟಿಗಳಿಗೆ ಅರಿಶಿನ ಬಳಿದು ತಂದಿದ್ದರು. ನಿಂಬೆಯ ರಸ, ಹುಣಸೆ ನೀರು, ಮಜ್ಜಿಗೆ ತಾಗಿದಾಗ ಕಾಗದ ಹಳದಿಯಾಗಿಯೇ ಉಳಿಯಿತು. ನನ್ನ ಸುಣ್ಣದ ನೀರು ತಾಗಿದ್ದೇ ತಡ, ಕೆಂಪಾಯಿತು. ಹಿಂದಿನ ಸಾಲಿನಿಂದ ಯಾವಳೋ, "ಆರತಿ ನೀರು ಹಿಂಗ ಮಾಡ್ತಾರ್ರೀ ಅಕ್ಕೋರ" ಎಂದಳು. ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ. "ಹೌದು, ಅದ ಇದು. ನಿಮ್ಮವ್ವಗ ಮೊದಲ ಗೊತ್ತೈತಿ" ಎಂದರು. ಅಷ್ಟರಲ್ಲಿ ಕಾಶವ್ವ ಎಂಬ ಹುಡುಗಿ ಯಾರೋ ಜಡೆ ಎಳೆದರೆಂದು ಅಳುತ್ತಿದ್ದಳು. ಅಕ್ಕೋರು ಬೈಯುವ ಬದಲು ಒಂದು ಪಟ್ಟಿಯನ್ನು ಅವಳ ಕೆನ್ನೆಗೆ ತಾಗಿಸಿದರು. ಹಳದಿ ಹಾಗೆಯೇ ಇತ್ತು.

"ನೋಡ್ರಿ, ಕಣ್ಣೀರು, ಜೊಲ್ಲು, ರಕ್ತ, ಎಲ್ಲಾ ಒಂದು ಹದದಾಗ ಇರ್ತಾವು. ಹೊಟ್ಟ್ಯಾಗ ಒಂದ ಕಡೆ ನಿಂಬಿಗಿಂತ ಹುಳಿ ಇರತೈತಿ, ಅದಕ್ಕಂತ ಬ್ಯಾರೆ ಚೀಲನ ಐತಿ. ಉಳಿದ ಮೈಯಾಗ ಈ ಹದ ಸ್ವಲ್ಪ ಆಕಡೆ ಈಕಡೆ ಸರದ್ರ ಜೀವ ತಡಿಯೂದಿಲ್ಲ. ನಮ್ಮ ಮೈಯಾಗ ಹೆಚ್ಚಿನ ಪಾಲು ನೀರ. ಆ ನೀರಿನ್ಯಾಗ ಉಪ್ಪು ಕರಗೇತಿ, ಕಬ್ಬಿಣ ಕರಗೇತಿ, ಸುಣ್ಣ ಕರಗೇತಿ."

ಸುಣ್ಣ ಎಂದಾಗ ಎಲ್ಲರೂ ನನ್ನನ್ನು ನೋಡಿದರು. ಅಕ್ಕೋರು ನನ್ನ ಬಳಿ ಬಂದು, "ನಿನ್ನ ಎಲಬಿನ್ಯಾಗ ಇರೂದೂ ಅದ. ಮೊಟ್ಟಿ ಸಿಪ್ಪಿ, ಬಸವನಹುಳದ ಚಿಪ್ಪು, ನೀವು ಸುಡೋ ಕಲ್ಲು, ಎಲ್ಲಾ ಒಂದ ಬಳಗ. ನಿಮ್ಮ ಭಟ್ಟಿ ಇದ್ದಲ್ಯಾಗ ಇರೋ ಇಂಗಾಲಾನೂ ನೀ ಮುಂಜಾನೆ ತಿಂದ ರೊಟ್ಟ್ಯಾಗ ಇರೋದೂ ಬ್ಯಾರೆ ಅಲ್ಲ" ಎಂದರು. ಆಮೇಲೆ ನನ್ನ ಬೆರಳನ್ನು ಸುಣ್ಣದ ತಿಳಿಯಲ್ಲಿ ಅದ್ದಿಸಿ, ಹೆಬ್ಬೆರಳಿನಿಂದ ಉಜ್ಜಲು ಹೇಳಿದರು. ಜಾರುತ್ತಿತ್ತು. "ಹೆಂಗನಸ್ತದ?" "ಸಬಕಾರದಂಗ್ರಿ." "ಸಬಕಾರನ ಅದು. ನಿನ್ನ ತೊಗಲಿನ ಜಿಡ್ಡು ಸುಣ್ಣದ ಕೂಡ ಸೇರಿ ಸಬಕಾರ ಆಗಾಕತ್ತೇತಿ. ಹೋಗು, ಕೈ ತೊಳ್ಕೋ."

ಕೈ ತೊಳೆದುಕೊಂಡು ಬಂದವನು ಕೂರದೆ ಕೇಳಿದೆ: "ಕಣ್ಣಿಗೆ ಬಿದ್ರ ಏನು ಮಾಡಬೇಕ್ರೀ ಅಕ್ಕೋರ?"

"ನೀರು. ಒಂದ ಸವನ ಸುರೀತಿರಬೇಕು. ಬ್ಯಾರೆ ಏನೂ ಹಾಕಬಾರದು."

"ನಿಂಬಿಹುಳಿ ಹಾಕಿದ್ರ ಸುಣ್ಣ ಸಾಯೂದಿಲ್ಲೇನ್ರಿ?"

"ಕಾಗದದ ಮ್ಯಾಲ ಸಾಯತೈತಿ. ಕಣ್ಣಾಗ ಅವೆರಡೂ ಜಗಳಾಡಿದ್ರ ಸುಡೂದು ಕಣ್ಣು." ಗಂಟೆ ಹೊಡೆಯಿತು. "ನೀರ ಯಾಕ ಅನ್ನೂದು ನಾಳೆ ಹೇಳ್ತೀನಿ."

ಮರುದಿನ ಅಕ್ಕೋರಿಗೆ ಜ್ವರ. ಅವರು ತಿರುಗಿ ಬರುವಷ್ಟರಲ್ಲಿ ನಾನು ಸಾಲೆಯಲ್ಲಿರಲಿಲ್ಲ.

ಅಪ್ಪನಿಗೆ ಒಂದು ಕಣ್ಣು ಮೊದಲೇ ಹೋಗಿತ್ತು. ಅಕ್ಕೋರ ಜ್ವರದ ಆ ದಿನಗಳಲ್ಲೇ ಇನ್ನೊಂದಕ್ಕೆ ಸುಣ್ಣ ಸಿಡಿದಾಗ ನಾನು ಮನೆಯಲ್ಲಿದ್ದೆ. ಕೂಗು ಕೇಳಿ, ಅವ್ವ ಒಲೆಯ ಪಕ್ಕ ಇಟ್ಟಿದ್ದ ತಂಬಿಗೆಯನ್ನು ಎತ್ತಿಕೊಂಡು ಓಡಿದೆ. ಅಪ್ಪ ನೆಲದ ಮೇಲೆ ಕೂತು ಎರಡು ಕೈಯಿಂದಲೂ ತನ್ನ ತೊಡೆಯನ್ನು ಹಿಂಡುತ್ತಿದ್ದ. ನಾನು ಬಾಗಿದ್ದೆನಷ್ಟೆ. ದೊಡ್ಡಪ್ಪನ ಕೈ ತಂಬಿಗೆಗೆ ಬಡಿಯಿತು, ನೀರು ಮಣ್ಣಿನ ಪಾಲಾಯಿತು.

"ಹುಚ್ಚ ಏನಲೇ? ಸುಣ್ಣದ ಮ್ಯಾಲ ನೀರು ಹಾಕ್ತಾನ. ನಿಮ್ಮಪ್ಪನ ಕಣ್ಣು ಕುದಸ್ತೀ?"

"ಅಕ್ಕೋರು ಹೇಳ್ಯಾರ..."

"ನಿಮ್ಮ ಅಕ್ಕೋರು ಎಷ್ಟು ಭಟ್ಟಿ ಸುಟ್ಟಾಳ?"

ನಾನು ಅಪ್ಪನ ಮುಖ ನೋಡಿದೆ. ಅವನೇ ಬಾಯಿ ಬಿಟ್ಟು ನೀರು ಬೇಕೆಂದಿದ್ದರೆ ನಾನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅಪ್ಪ ಹಲ್ಲು ಕಚ್ಚಿ, "ಅಣ್ಣ ಹೇಳಿದಂಗ ಮಾಡ್ರಿ" ಎಂದ. ಗಿಂಡಿ ಬಂತು. ಬಟ್ಟೆ ಬಿಚ್ಚಿದ ದಿನ ಅಪ್ಪ ಬಾಗಿಲ ಬೆಳಕಿಗೆ ಮುಖವೊಡ್ಡಿ, "ಬಾಗಲಾ ತಗೀರಿ" ಎಂದ. ಬಾಗಿಲು ತೆರೆದೇ ಇತ್ತು.

ಭಟ್ಟಿಯಲ್ಲಿ ಒಂದಾಳು ಕಡಿಮೆಯಾಯಿತಲ್ಲ, ದೊಡ್ಡಪ್ಪ ಸಾಲೆಗೆ ಬಂದು ನನ್ನನ್ನು ಕರೆದುಕೊಂಡು ಹೋದ. ಅಪ್ಪನ ಸಲಿಕೆ ನನ್ನ ಕೈಗೆ ಬಂತು. ಹಿಡಿಕೆ ಅವನ ಅಂಗೈಯ ಅಳತೆಗೆ ಸವೆದಿತ್ತು. ನನ್ನ ಅಂಗೈ ಆ ಅಳತೆಗೆ ಬೆಳೆಯಿತು. ಸಿಟ್ಟೂ ಬೆಳೆಯಿತು. ನನ್ನ ವಾರಗೆಯವರು ಸಿಟ್ಟು ಬಂದರೆ ಕುಡಿಯುತ್ತಿದ್ದರು, ಹೊಡೆದಾಡುತ್ತಿದ್ದರು. ನಾನು ಮಾತಾಡುತ್ತಿದ್ದೆ. ಯಾರ ಕಣ್ಣಿಗೆ ಎಣ್ಣೆ ಹೊಯ್ದರೂ ಹೋಗಿ ಜಗಳ ತೆಗೆಯುತ್ತಿದ್ದೆ. ದೊಡ್ಡಪ್ಪನ ಮಗ ಯಮನೂರ ನನ್ನನ್ನು ಕಂಡ ಕೂಡಲೇ, "ಬಂದ್ನಪಾ ಮಾಸ್ತರ. ಎಲ್ಲಾರೂ ಪಾಟಿ ತಗೀರಿ" ಅನ್ನುತ್ತಿದ್ದ. ಆ ಹೆಸರು ಓಣಿಯಲ್ಲಿ ನಿಂತುಹೋಯಿತು.

ದೊಡ್ಡಪ್ಪ ಮಾತ್ರ ಗೇಲಿ ಮಾಡುತ್ತಿರಲಿಲ್ಲ. ಗುಂಡಿಯ ಅಂಚಿಗೆ ನನ್ನನ್ನು ಕರೆದು, ಒಂದು ಬೊಗಸೆ ನೀರನ್ನು ಸುಟ್ಟ ಕಲ್ಲಿನ ಮೇಲೆ ಚೆಲ್ಲಿ ತೋರಿಸುತ್ತಿದ್ದ. ಕಲ್ಲು ಬುಸುಗುಟ್ಟಿ ಸೀಳುತ್ತಿತ್ತು. "ಇದನ್ನ ದಿನಾ ನೋಡ್ತೀ. ನಿನ್ನ ಪುಸ್ತಕದ ಸುಣ್ಣ ಬ್ಯಾರೆ ಐತೇನು?" ನನಗೆ ಸಿಕ್ಕಿದ್ದು ಅರ್ಧ ಪಾಠ. ನೀರು ಎಂದು ಗೊತ್ತಿತ್ತು, ಯಾಕೆ ಎಂದು ಗೊತ್ತಿರಲಿಲ್ಲ.

ಆ ಯಾಕೆ ಎಂಬುದನ್ನು ನಾನು ಗುಂಡಿಯಿಂದಲೇ ಕಲಿಯಬೇಕಾಯಿತು. ಬೊಗಸೆ ನೀರು ಚೆಲ್ಲಿದರೆ ಸುಣ್ಣ ಉರಿದೇಳುತ್ತದೆ, ನಿಜ. ಆದರೆ ಒಂದು ಚೂರನ್ನು ನೀರು ತುಂಬಿದ ಹರವಿಯೊಳಗೆ ಹಾಕಿ ನೋಡಿದೆ. ಸಣ್ಣಗೆ ಗುಳುಗುಳು ಅಂದು ಸುಮ್ಮನಾಯಿತು. ಹರವಿ ಬೆಚ್ಚಗೂ ಆಗಲಿಲ್ಲ. ಸ್ವಲ್ಪ ನೀರು ಸುಣ್ಣವನ್ನು ಎಬ್ಬಿಸುತ್ತದೆ, ಬಹಳ ನೀರು ಅದರ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಕಣ್ಣಿನಲ್ಲಿ ಯಾವಾಗಲೂ ಸ್ವಲ್ಪ ನೀರು ಇದ್ದೇ ಇರುತ್ತದೆ. ನಾವು ನೀರು ಹಾಕದಿದ್ದರೂ ಸುಣ್ಣ ಅಲ್ಲಿ ಏಳುತ್ತದೆ. ಎಣ್ಣೆ ಅದನ್ನು ಓಡಿಸುವುದಿಲ್ಲ, ಮೇಲೆ ಮುಚ್ಚಳ ಹಾಕಿ ಒಳಗೇ ಕೂರಿಸುತ್ತದೆ. ದೊಡ್ಡಪ್ಪನ ಮಾತು ಗುಂಡಿಯ ಮಟ್ಟಿಗೆ ನಿಜವಾಗಿತ್ತು, ಕಣ್ಣಿನ ಮಟ್ಟಿಗೆ ಸುಳ್ಳಾಗಿತ್ತು. ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಹರವಿಯನ್ನೇ ನೋಡಿದ. ಆಮೇಲೆ, "ಹರವಿಗೆ ಕಣ್ಣಿಲ್ಲ" ಎಂದು ಎದ್ದುಹೋದ.

ಅವನ ಬಲಗಣ್ಣಿಗೆ ಸುಣ್ಣ ಸಿಡಿದದ್ದು ಹಬ್ಬದ ಮುಂಚಿನ ದಿನಗಳಲ್ಲಿ. ಊರಿಗೆಲ್ಲ ಸುಣ್ಣ ಬೇಕಾಗಿದ್ದ ಹೊತ್ತು. ಗುಂಡಿಯಲ್ಲಿ ಒಂದು ದೊಡ್ಡ ಹೆಂಟೆ ಅರಳದೆ ಕೂತಿತ್ತು. ದೊಡ್ಡಪ್ಪ ಅದನ್ನು ಕೋಲಿನಿಂದ ತಿವಿದು ಬಗ್ಗಿ ನೋಡಿದ. ಹೆಂಟೆಯ ಹೊಟ್ಟೆಯಲ್ಲಿ ಹಬೆ ಸಿಕ್ಕಿಕೊಂಡಿತ್ತೇನೋ, ಒಮ್ಮೆಲೇ ಒಡೆದು ಅವನ ಮುಖಕ್ಕೆ ರಾಚಿತು.

ಅವನು ಕಿರುಚಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ನೆಲದ ಮೇಲೆ ಕೂತ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ, ಬೇರೆ ಯಾರದೋ ಕಣ್ಣಿನ ವಿಷಯ ಹೇಳುವವನಂತೆ, "ಯಮನೂರಾ, ಎಣ್ಣಿ ತಾ. ನೀರಿನ ಡೋಣಿ ಹತ್ತರ ಯಾರೂ ಹೋಗಬ್ಯಾಡ್ರಿ" ಎಂದ. ಯಮನೂರ ಓಡಿದ. ಜನ ಸುತ್ತಲೂ ನಿಂತರು.

ನಾನೂ ನಿಂತೆ. ಏನೂ ಮಾಡುವ ಅಗತ್ಯವಿರಲಿಲ್ಲ. ಸುಮ್ಮನೆ ನಿಂತರೆ ಸಾಕು. ಅವನ ಎಣ್ಣೆ ಬರುತ್ತದೆ, ಅವನ ಬಟ್ಟೆ ಬರುತ್ತದೆ, ಅಪ್ಪನ ಪಕ್ಕದಲ್ಲಿ ಕಟ್ಟೆಯ ಮೇಲೆ ಅವನೂ ಬಂದು ಕೂರುತ್ತಾನೆ. ಯಾರೂ ನನ್ನನ್ನು ಒಂದು ಮಾತು ಅನ್ನುವುದಿಲ್ಲ. ಇಷ್ಟು ವರ್ಷ ನಾನು ಬೇಡಿಕೊಂಡದ್ದೇ ಇದು ಎಂದು ಒಳಗೊಂದು ದನಿ ಹೇಳುತ್ತಿತ್ತು. ಸುಳ್ಳಲ್ಲ, ಬೇಡಿಕೊಂಡಿದ್ದೆ.

ಆಗ ಅವನ ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಇಳಿಯಿತು. ಅಳಬೇಡಿರೆಂದು ಓಣಿಗೆಲ್ಲ ಕಲಿಸಿದವನು ದವಡೆ ಬಿಗಿದು ತಡೆಯುತ್ತಿದ್ದ. ಕಣ್ಣು ಅವನ ಮಾತು ಕೇಳಲಿಲ್ಲ. ಕೆನ್ನೆಯ ಮೇಲಿನ ಸುಣ್ಣದ ಪುಡಿಯಲ್ಲಿ ಒಂದು ಕಾಲುವೆ ಕೊರೆದುಕೊಂಡು ಅದು ಹರಿಯುತ್ತಲೇ ಇತ್ತು. ಯಾವ ಸಾಲೆಗೂ ಹೋಗದ ಕಣ್ಣು, ತನ್ನನ್ನು ತಾನೇ ತೊಳೆದುಕೊಳ್ಳಲು ನೋಡುತ್ತಿತ್ತು. ಇದ್ದ ನೀರು ಸಾಲುತ್ತಿರಲಿಲ್ಲ, ಅಷ್ಟೆ. ನನ್ನ ಸಿಟ್ಟು ದೊಡ್ಡಪ್ಪನ ಮೇಲೆ ಇದ್ದದ್ದು ಹಾಗೇ ಇತ್ತು. ಆದರೆ ಆ ಕಣ್ಣಿನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ.

ಅವನ ಕಂಕುಳಿಗೆ ಕೈಹಾಕಿ ಎತ್ತಿದೆ. ಮನೆಗೆ ಒಯ್ಯುತ್ತಿದ್ದೇನೆ ಅಂದುಕೊಂಡು ಜನ ದಾರಿ ಬಿಟ್ಟರು. ಗುಂಡಿಯ ಪಕ್ಕದ ಡೋಣಿ ಎಂಬ ಕಲ್ಲುತೊಟ್ಟಿಯ ನೀರನ್ನು ಬಳಸುವಂತಿರಲಿಲ್ಲ, ಅದರಲ್ಲಿ ದಿನವಿಡೀ ಸುಣ್ಣ ಮೆತ್ತಿದ ಬಕೀಟು ಅದ್ದಿರುತ್ತೇವೆ. ಅವನ ಮನೆಯ ಅಂಗಳದಲ್ಲಿ ದೊಡ್ಡವ್ವ ಸಿದ್ದವ್ವ ಹಬ್ಬಕ್ಕೆಂದು ಅರಿಶಿನ ಕುಟ್ಟುತ್ತಿದ್ದಳು. ಗೋಡೆಗೆ ಸಾಲಾಗಿ ಕುಡಿಯುವ ನೀರಿನ ಕೊಡಗಳು. ಅವನನ್ನು ಕಟ್ಟೆಯ ಮೇಲೆ ಮಲಗಿಸಿ, ಎದೆಯ ಮೇಲೆ ಮೊಣಕಾಲೂರಿ, ಮೊದಲನೆಯ ಕೊಡವನ್ನು ಬಗ್ಗಿಸಿದೆ.

ನೀರು ಮುಖಕ್ಕೆ ಬಿದ್ದದ್ದೇ ದೊಡ್ಡಪ್ಪ ಹಾವಿನಂತೆ ಹೊರಳಿದ.

"ನೀರೇನಲೇ? ನೀರು ಹಾಕಾಕತ್ತೀ?"

"ಕಣ್ಣು ತೆಗೀ."

"ಬಾಳ್ಯಾನ ಸೇಡು ತೀರಿಸ್ಕೋತಿಯೇನಲೇ ನನ್ನ ಮ್ಯಾಲ?"

ಬಾಳ್ಯಾ ಎಂದರೆ ಬಾಳಪ್ಪ, ನನ್ನ ಅಪ್ಪ. ಆ ಮಾತು ಕೇಳಿ ನನ್ನ ಕೈ ಒಂದು ಗಳಿಗೆ ತಡೆಯಿತು. ಸೇಡು ತೀರಿಸಿಕೊಳ್ಳುವಂಥದ್ದು ಏನೋ ಇದೆಯೆಂದು ಇವನಿಗೂ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು.

ಬೆರಳಿನಿಂದ ಅವನ ರೆಪ್ಪೆ ಅಗಲಿಸಿ ಮತ್ತೆ ನೀರು ಬಿಟ್ಟೆ. ದೊಡ್ಡವ್ವ ಒನಕೆ ಬಿಸಾಕಿ ಓಡಿಬಂದು ಗಂಡನ ತಲೆಯನ್ನು ತನ್ನ ಎರಡು ಅಂಗೈಯಲ್ಲಿ ಹಿಡಿದಳು, ನನ್ನಿಂದ ಬಿಡಿಸಿಕೊಳ್ಳಲೆಂದು. ಅವನ ಮುಖದಿಂದ ಇಳಿದ ನೀರು ಅವಳ ಬೊಗಸೆಗೆ ತುಂಬಿತು. ಆ ಬೊಗಸೆ ಕೆಂಪಾಯಿತು. ಬೆರಳ ಸಂದಿಯಿಂದ ಕೆಂಪು ನೀರು ಅವಳ ಮೊಣಕೈಗೆ, ಸೀರೆಗೆ, ಕಟ್ಟೆಯ ಕಲ್ಲಿಗೆ ಇಳಿಯತೊಡಗಿತು.

ಯಾರೋ ಹೆಂಗಸು ಚೀರಿದಳು. "ರಕ್ತ. ಕಣ್ಣು ಕಿತ್ತಾನ."

ಗಿಂಡಿ ಹಿಡಿದು ಒಳಗಿನಿಂದ ಬಂದ ಯಮನೂರ ಅದನ್ನು ಕಂಡ. ಗಿಂಡಿಯಿಂದಲೇ ನನ್ನ ತಲೆಗೆ ಹೊಡೆದ. ಎಣ್ಣೆ ನನ್ನ ಬೆನ್ನ ಮೇಲೆ ಚೆಲ್ಲಿತು. ಇನ್ನಿಬ್ಬರು ಬಂದು ನನ್ನ ಕುತ್ತಿಗೆಗೆ ಕೈಹಾಕಿದರು. ನಾನು ದೊಡ್ಡಪ್ಪನ ಅಂಗಿಯನ್ನು ಬಿಡಲಿಲ್ಲ. ಅವರು ನನ್ನನ್ನು ಎಳೆದರೆ ಅವನೂ ಜತೆಗೆ ಬರುತ್ತಿದ್ದ. "ರಕ್ತ ಅಲ್ಲ, ಸುಣ್ಣ" ಎಂದು ನಾನು ಒದರುತ್ತಿದ್ದೆ. ಆ ಗದ್ದಲದಲ್ಲಿ ಯಾರಿಗೂ ಕೇಳುವಂತಿರಲಿಲ್ಲ.

ದೊಡ್ಡವ್ವ ಮಾತ್ರ ಕೂಗಲಿಲ್ಲ. ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಒಂದರಿಂದ ಇನ್ನೊಂದನ್ನು ಉಜ್ಜಿದಳು. ಮೂಗಿನ ಹತ್ತಿರ ತಂದಳು. ಮದುವೆ, ಬಾಣಂತನ, ಹಬ್ಬವೆಂದು ಅದೆಷ್ಟು ತಟ್ಟೆಗಳಲ್ಲಿ ಅವಳು ಅರಿಶಿನಕ್ಕೆ ಸುಣ್ಣ ಕಲಸಿದ್ದಳೋ, ಆ ಬಣ್ಣವನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಯಮನೂರಾ, ಬಿಡು ಅವನ್ನ" ಎಂದಳು.

"ಯವ್ವಾ, ರಕ್ತ..."

"ಆರತಿ ನೀರಲೇ ಇದು. ಕಣ್ಣಾಗಿನ ಸುಣ್ಣ ನನ್ನ ಕೈಯಾಗಿನ ಅರಿಶಿಣಕ್ಕ ಬರಾಕತ್ತೇತಿ." ಅವಳು ನನ್ನ ಕಡೆ ತಿರುಗಿದಳು. ಓಣಿಯಲ್ಲಿ ಅದುವರೆಗೆ ಯಾರೂ ನನ್ನನ್ನು ಆ ರೀತಿ, ತಿಳಿದುಕೊಳ್ಳಲೆಂದು ಕೇಳಿರಲಿಲ್ಲ. "ಹೊರಗ ಬರಾಕತ್ತೇತಿ ಹೌದಲ್ಲ?"

"ಹೌದು ದೊಡ್ಡವ್ವ."

"ಹಂಗಾದ್ರ ಹಾಕು ನೀರು. ಯಮನೂರಾ, ಇನ್ನೊಂದು ಕೊಡ ತಾ. ನೋಡ್ಕೋತ ನಿಂತ್ರೇನು, ನಿಮ್ಮ ಮನ್ಯಾಗ ನೀರಿಲ್ಲೇನ್ರೇ?"

ಕಡೆಯ ಮಾತು ಅಕ್ಕಪಕ್ಕದ ಹೆಂಗಸರಿಗೆ. ಅವರು ಹೋದರು, ಕೊಡ ಹೊತ್ತು ಬಂದರು. ದೊಡ್ಡವ್ವ ಅಂಗೈ ತೊಳೆದು, ಒರಳಿನಿಂದ ಹೊಸ ಅರಿಶಿನ ಬಳಿದುಕೊಂಡು ಮತ್ತೆ ಅವನ ಕೆನ್ನೆಯ ಕೆಳಗೆ ಒಡ್ಡಿದಳು. ಕೆಂಪು. ತೊಳೆದಳು, ಬಳಿದುಕೊಂಡಳು, ಒಡ್ಡಿದಳು. ಮತ್ತೆ ಕೆಂಪು. ನನ್ನ ತೋಳು ಸೋತಾಗ ಯಮನೂರ ಕೊಡ ಹಿಡಿದ. "ಸಣ್ಣಗ ಬಿಡು, ಮೂಗಿನ ಕಡೆಯಿಂದ ಹೊರಗ" ಎಂದೆ. ಮಾಸ್ತರ ಎನ್ನದೆ ಹಾಗೆಯೇ ಮಾಡಿದ. ಓಣಿಯ ಅಂದಿನ ಕುಡಿಯುವ ನೀರೆಲ್ಲ ಆ ಅಂಗಳದಲ್ಲಿ ಹರಿದುಹೋಯಿತು. ಬಣ್ಣ ಇಟ್ಟಿಗೆಯಂತಾಯಿತು, ಕಿತ್ತಳೆಯಾಯಿತು. ದೊಡ್ಡಪ್ಪ ಹೊರಳುವುದನ್ನು ನಿಲ್ಲಿಸಿದ್ದ. ಒಂದು ಹೊತ್ತಿನಲ್ಲಿ ದೊಡ್ಡವ್ವನ ಅಂಗೈಯಲ್ಲಿ ನಿಂತ ನೀರು ಬರೀ ಹಳದಿಯಾಗಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದಳು.

ಗಾಡಿ ಕಟ್ಟಿ ದವಾಖಾನೆಗೆ ಒಯ್ದೆವು. ಡಾಕ್ಟರು ಏನೂ ಕೇಳದೆ ಮೊದಲು ಒಂದು ಕಾಗದದ ಚೂರನ್ನು ಕಣ್ಣಿನ ಅಂಚಿಗೆ ತಾಗಿಸಿದರು. ಅದು ಬೇರೆ ಬಣ್ಣದ ಕಾಗದ, ಆದರೆ ಕೆಲಸ ಅದೇ. "ಇನ್ನೂ ಸ್ವಲ್ಪ ಇದೆ" ಎಂದರು. ಮೇಲಿನ ರೆಪ್ಪೆಯನ್ನು ಒಳಗು ಹೊರಗಾಗುವಂತೆ ಮಡಚಿ, ಹತ್ತಿಯ ಕಡ್ಡಿಯಿಂದ ಒಂದು ಬಿಳಿಯ ಕಣವನ್ನು ಹೊರತೆಗೆದರು. ಸಾಸಿವೆಗಿಂತ ಸಣ್ಣದು. ನಮ್ಮ ಅಷ್ಟೂ ಕೊಡಗಳಿಗೆ ಅದು ಸಿಕ್ಕಿರಲಿಲ್ಲ.

"ತೊಳೆದದ್ದು ಯಾರು?"

ಎಲ್ಲರೂ ನನ್ನನ್ನು ನೋಡಿದರು.

"ತೊಳೆಯದೆ ತಂದಿದ್ದರೆ ಕಣ್ಣೇ ಹೋಗಿರುತ್ತಿತ್ತು, ಇದನ್ನು ಹುಡುಕುವ ಕೆಲಸ ನನಗೆ ಇರುತ್ತಿರಲಿಲ್ಲ" ಎಂದು ಅವರು ಮತ್ತೆ ನೀರು ಬಿಡತೊಡಗಿದರು. ನೀರೇ ಯಾಕೆ ಎಂದು ಕೇಳಿದೆ. ನಾನು ಗುಂಡಿಯಿಂದ ಕಲಿತದ್ದು ಸರಿಯೋ ತಪ್ಪೋ ಯಾರಾದರೂ ಹೇಳಬೇಕಿತ್ತು. "ಆಮೇಲೆ ಹೇಳ್ತೀನಿ" ಎಂದರು. ಹೊರಗೆ ಇನ್ನೂ ಬಹಳ ಜನ ಕಾಯುತ್ತಿದ್ದರು.

ದೊಡ್ಡಪ್ಪನ ಕಣ್ಣು ಉಳಿಯಿತು. ಒದ್ದೆ ಬಟ್ಟೆಯ ಮರೆಯಿಂದ ಕಂಡಂತೆ ಕಾಣುತ್ತದೆ ಅನ್ನುತ್ತಿದ್ದ. ಆದರೆ ಮುಖ ಗುರುತಿಸುತ್ತಿದ್ದ, ನಡೆಯುತ್ತಿದ್ದ, ಭಟ್ಟಿಯ ಬೆಂಕಿಯ ಬಣ್ಣ ಹೇಳುತ್ತಿದ್ದ. ಓಣಿಯ ಜನ ನೋಡಲು ಬಂದರು. ನಾನು ಅಪ್ಪನ ಜತೆ ಎದುರುಗಡೆಯ ಕಟ್ಟೆಯ ಮೇಲೆ ಕೂತಿದ್ದೆ. ಯಾರೋ, "ಅಂತೂ ಹುಡುಗ ನೀರು ಹಾಕಿದ್ದಕ್ಕ ಕಣ್ಣು ಉಳೀತು" ಎಂದರು. ದೊಡ್ಡಪ್ಪ ತಲೆ ಎತ್ತಲಿಲ್ಲ.

"ನೀರಿನಿಂದ ಎಲ್ಲಿ ಉಳಿಯತೈತಿ? ಮುಂಜಾನೆ ಗುಂಡಿಗೆ ಇಳಿಯೂಮುಂದ ನಾ ಕಣ್ಣಿಗೆ ಎಣ್ಣಿ ಹಚ್ಕೊಂಡಿದ್ದೆ. ಅದ ಕಾಯ್ತು."

ಎದ್ದು ನಿಂತೆ. ಯಮನೂರ ಹೊಡೆದ ಗಾಯ ಇನ್ನೂ ನೆತ್ತಿಯ ಮೇಲೆ ಮಾಯ್ದಿರಲಿಲ್ಲ. ಅಪ್ಪ ಕೈ ಚಾಚಿ, ತಡಕಾಡಿ, ನನ್ನ ಅಂಗಿಯ ಚುಂಗು ಹಿಡಿದ.

"ಕುಂದರು."

"ಅಂವ ಸುಳ್ಳು ಹೇಳಾಕತ್ತಾನಪ್ಪ."

"ಗೊತ್ತೈತಿ."

"ಗೊತ್ತಿದ್ದೂ ಸುಮ್ನ ಕುಂತೀಯಲ್ಲ? ನಾಳೆ ಇನ್ನೊಬ್ಬರ ಕಣ್ಣಿಗೆ ಬಿದ್ರ ಮತ್ತ ಗಿಂಡಿ ತರ್ತಾರ."

ಅಪ್ಪನ ಎರಡೂ ಕಣ್ಣುಗಳು ಬಿಸಿಲಿಗೆ ತೆರೆದೇ ಇದ್ದವು. "ಗಿಂಡಿ ತರೂದಿಲ್ಲ. ಹೆಣ್ಮಕ್ಕಳೆಲ್ಲಾ ನೋಡ್ಯಾರ" ಎಂದ. ಮತ್ತೆ ದನಿ ತಗ್ಗಿಸಿ, "ನೀರಿನಿಂದ ಉಳೀತು ಅಂತ ಅಂವ ಬಾಯಿ ಬಿಟ್ಟು ಒಪ್ಪಿದ್ರ, ನನ್ನ ಕಣ್ಣು ಕಳದಂವ ಯಾರಾದ? ಹೇಳು ನೋಡೋಣ" ಎಂದ.

ನಾನು ಕೂತೆ. ಆ ಲೆಕ್ಕವನ್ನು ನಾನು ವರ್ಷಗಟ್ಟಲೆ ಹಾಕಿದ್ದೆ. ಅಪ್ಪನೂ ಹಾಕಿದ್ದಾನೆಂದು ನನಗೆ ಹೊಳೆದಿರಲಿಲ್ಲ. ಅವನಿಗೆ ಅದು ಯಾವಾಗ ಗೊತ್ತಾಯಿತೋ. ಅಂಗಳದಲ್ಲಿ ದೊಡ್ಡವ್ವನ ಮಾತು ಕೇಳಿದಾಗಲೋ, ಅಥವಾ ನನ್ನ ತಂಬಿಗೆ ಮಣ್ಣಿಗೆ ಬಿದ್ದ ಸದ್ದು ಕೇಳಿದಾಗಲೇನೋ.

"ನಿನಗ ಸಿಟ್ಟ ಇಲ್ಲೇನಪ್ಪ?"

"ಐತಿ." ಅಪ್ಪ ನಕ್ಕ. "ಆದ್ರ ಅದನ್ನ ತಗೊಂಡು ಯಾವ ಕಡೆ ಹೋಗ್ಲಿ, ದಾರಿ ಕಾಣೂದಿಲ್ಲ."

ನನಗೆ ನಗು ಬರಲಿಲ್ಲ. ಅವನ ಕೈ ಇನ್ನೂ ನನ್ನ ಅಂಗಿಯ ಚುಂಗಿನ ಮೇಲೇ ಇತ್ತು.

"ಸಣ್ಣಂವಿದ್ದಾಗ ನನ್ನ ಹೆಗಲ ಮ್ಯಾಲ ಹೊತ್ಕೊಂಡು ತಿರಗ್ಯಾನ ಅಂವ. ಆ ಎಣ್ಣಿ ಹಾಕೂಮುಂದ ಅವನ ಕೈ ಹೆಂಗ ನಡಗ್ತಿತ್ತು ಅನ್ನೂದು ನನಗ ಗೊತ್ತು. ನೀ ನೋಡಿಲ್ಲ, ನಿನಗ ಸಿಟ್ಟಿತ್ತು. ಎಣ್ಣಿ ಕಾಯ್ತು ಅಂತ ಅಂದ್ಕೊಳ್ಳಲಿ ಬಿಡು."

ಸಿಟ್ಟು ಹೋಯಿತೆಂದು ನಾನು ಬರೆಯಲಾರೆ. ಈಗಲೂ ಇದೆ. ಓಣಿಯ ಕಟ್ಟೆಯ ಮೇಲೆ ಕೂತ ಒಂದೊಂದು ಬಿಳಿ ಕಣ್ಣನ್ನು ಕಂಡಾಗಲೂ ಎದ್ದುಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಮಾತ್ರ, ಮೊದಲಿನಂತೆ ಥಟ್ಟನೆ ಒಂದು ಹೆಸರು ಬಾಯಿಗೆ ಬರುವುದಿಲ್ಲ.

ಕೆಲವು ದಿನಗಳ ಮೇಲೆ ಗುಂಡಿಯ ಪಕ್ಕದಲ್ಲಿ, ಸುಣ್ಣದ ಧೂಳು ತಾಗದ ಹಾಗೆ ಕಲ್ಲಿನ ಮರೆಯಲ್ಲಿ, ತಟ್ಟೆ ಮುಚ್ಚಿದ ಒಂದು ಕೊಡ ಕಾಣಿಸಿತು. ದೊಡ್ಡವ್ವ ಇಟ್ಟಿರಬೇಕೆಂದು ಎಲ್ಲರೂ ಅಂದುಕೊಂಡೆವು. ಅದರಿಂದ ಯಾರೂ ಕುಡಿಯಲಿಲ್ಲ, ಕೈ ತೊಳೆಯಲಿಲ್ಲ. ನೀರು ಮಾತ್ರ ದಿನವೂ ಹೊಸದಾಗಿರುತ್ತಿತ್ತು.

ಒಂದು ಬೆಳಿಗ್ಗೆ ಆಳುಗಳು ಬರುವ ಮುಂಚೆ ನಾನು ಅಪ್ಪನನ್ನು ಕಟ್ಟೆಗೆ ತಂದು ಕೂರಿಸುತ್ತಿದ್ದೆ. ಭಟ್ಟಿಯ ಕಡೆ ದೊಡ್ಡಪ್ಪ ಒಬ್ಬನೇ ಇದ್ದ. ಹಳೆಯ ನೀರನ್ನು ಚೆಲ್ಲಿದ. ಕೊಡವನ್ನು ಒಳಗೆ ಕೈಹಾಕಿ ಉಜ್ಜಿ ತೊಳೆದ. ಉಳಿದ ಒಂದು ಕಣ್ಣನ್ನು ಕೊಡದ ಬಾಯಿಯ ಹತ್ತಿರ ತಂದು ತಳವನ್ನು ನೋಡಿದ. ಆಮೇಲೆ ಬಾವಿಯಿಂದ ಹೊತ್ತು ತಂದದ್ದನ್ನು ಮೆಲ್ಲಗೆ ಅದಕ್ಕೆ ಸುರಿಯತೊಡಗಿದ. ಅಪ್ಪ ಕೂರುತ್ತಿದ್ದವನು ಕೂರದೆ, ಮುಖವನ್ನು ಆ ಸದ್ದಿನ ಕಡೆಗೆ ತಿರುಗಿಸಿದ. ಕೊಡ ತುಂಬುತ್ತ ಬಂದಂತೆ ಸದ್ದು ಸಣ್ಣಗಾಗುತ್ತ, ಮೇಲೇರುತ್ತ ಹೋಯಿತು. ಅದು ನಿಲ್ಲುವವರೆಗೂ ಅಪ್ಪ ಹಾಗೆಯೇ ನಿಂತಿದ್ದ.